ಕಬ್ಬನ್ ಉದ್ಯಾನ

ಕಬ್ಬನ್ ಉದ್ಯಾನ ಅಥವಾ ಕಬ್ಬನ್ ಪಾರ್ಕ್ ಕರ್ನಾಟಕದ ರಾಜಧಾನಿ ಬೆಂಗಳೂರಿನ ಹೃದಯಭಾಗದಲ್ಲಿರುವ ಐತಿಹಾಸಿಕ ಸಾರ್ವಜನಿಕ ಉದ್ಯಾನವನ. ಇದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನವನ. ಆರಂಭದಲ್ಲಿ ಸುಮಾರು 100 ಎಕರೆ ವಿಸ್ತೀರ್ಣವಿದ್ದ ಈ ಉದ್ಯಾನವು ಮುಂದೆ ಸುಮಾರು 300 ಎಕರೆಗೆ ವಿಸ್ತರಿಸಿತು. ರಾಜ್ಯದ ತೋಟಗಾರಿಕೆ ಇಲಾಖೆಯು ಇದನ್ನು ನಿರ್ವಹಿಸುತ್ತದೆ.

ಇತಿಹಾಸ

ಮೈಸೂರು ಸಂಸ್ಥಾನವು ಬ್ರಿಟಿಷ್ ಆಯುಕ್ತರ ಆಡಳಿತದಲ್ಲಿದ್ದಾಗ, 1870ರಲ್ಲಿ, ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಈ ಉದ್ಯಾನವನ್ನು ರೂಪಿಸಿದರು. ಮೊದಲಿಗೆ ಆಯುಕ್ತ ಜಾನ್ ಮೀಡ್ ಅವರ ನೆನಪಿಗಾಗಿ ಇದನ್ನು 'ಮೀಡ್ಸ್ ಪಾರ್ಕ್' ಎಂದು ಕರೆಯಲಾಗುತ್ತಿತ್ತು. ಅನಂತರ 1834ರಿಂದ 1861ರವರೆಗೆ ಆಯುಕ್ತರಾಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಬಳಕೆಗೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷವಾದ 1927ರಲ್ಲಿ, ಅವರ ತಂದೆ ಚಾಮರಾಜೇಂದ್ರ ಒಡೆಯರ ಹೆಸರನ್ನು ಉದ್ಯಾನಕ್ಕೆ ಇಡಲಾಯಿತು. ಆದರೂ ಜನರ ಮಾತಿನಲ್ಲಿ ಹಳೆಯ ಹೆಸರೇ ಉಳಿದುಕೊಂಡಿದೆ.

ಕಟ್ಟಡಗಳು ಮತ್ತು ಪ್ರತಿಮೆಗಳು

ಉದ್ಯಾನದ ಅಂಚಿನಲ್ಲಿ, ವಿಧಾನಸೌಧಕ್ಕೆ ಎದುರಾಗಿ, ಕೆಂಬಣ್ಣದ ಅಠಾರ ಕಚೇರಿ ಇದೆ. 1868ರಲ್ಲಿ ಪೂರ್ಣಗೊಂಡ ಈ ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದುದರಿಂದ ಈ ಹೆಸರು ಬಂದಿತು. ಈಗ ಇಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ 1915ರಲ್ಲಿ ನಿರ್ಮಿಸಿದ ಸಭಾಂಗಣದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಸ್ಥಾಪನೆ 1865ರಲ್ಲಿ ಆಯಿತು. ಹತ್ತನೆಯ ಶತಮಾನದ ಆತಕೂರು ಶಾಸನವು ಇಲ್ಲಿದೆ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪನ್ನು ಈ ಶಾಸನವು ಉಳಿಸಿದೆ. ಸಮೀಪದಲ್ಲಿ ವೆಂಕಟಪ್ಪ ಕಲಾ ಗ್ಯಾಲರಿ ಹಾಗೂ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಗಳಿವೆ. ಚಾಮರಾಜೇಂದ್ರ ಒಡೆಯರು, ಶೇಷಾದ್ರಿ ಅಯ್ಯರ್, ವಿಕ್ಟೋರಿಯಾ ರಾಣಿ ಮತ್ತು ಏಳನೆಯ ಎಡ್ವರ್ಡ್ ಅವರ ಪ್ರತಿಮೆಗಳನ್ನೂ ಹಳೆಯ ವಾದ್ಯಮಂಟಪವನ್ನೂ ಉದ್ಯಾನದಲ್ಲಿ ಕಾಣಬಹುದು. ಬಹುಕಾಲ ಅಠಾರ ಕಚೇರಿಯ ಮುಂದಿದ್ದ ಮಾರ್ಕ್ ಕಬ್ಬನ್ ಅವರ ಅಶ್ವಾರೂಢ ಪ್ರತಿಮೆಯನ್ನು 2020ರಲ್ಲಿ ಉದ್ಯಾನದೊಳಕ್ಕೆ ಸ್ಥಳಾಂತರಿಸಲಾಯಿತು.

ಸಸ್ಯಸಂಪತ್ತು

ಸಹಜವಾದ ಬಂಡೆಗಳ ನಡುವೆ ಬಿದಿರುಮೆಳೆಗಳು, ಸಿಲ್ವರ್ ಓಕ್, ಮಳೆಮರ, ಮಾವು, ಅಶೋಕ ಮೊದಲಾದ ದೇಶೀಯ ಮತ್ತು ವಿದೇಶೀಯ ಮರಗಳು ಬೆಳೆದಿವೆ. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿದರೆ, ಬೇಸಿಗೆಯಲ್ಲಿ ಗುಲ್‌ಮೊಹರ್ ಹೂಬಿಡುತ್ತದೆ.

ಸಂರಕ್ಷಣೆ

ಅಠಾರ ಕಚೇರಿಯನ್ನು ಕೆಡವುವ ಪ್ರಸ್ತಾಪವು 1980ರ ದಶಕದಲ್ಲಿ ಬಂದಾಗ ನಾಗರಿಕರು ವಿರೋಧಿಸಿದರು, ಕಟ್ಟಡ ಉಳಿಯಿತು. ಸರ್ಕಾರಿ ಉದ್ಯಾನಗಳ ಸಂರಕ್ಷಣೆಗಾಗಿ ಕರ್ನಾಟಕವು 1975ರಲ್ಲಿ ಕಾಯಿದೆಯೊಂದನ್ನು ರೂಪಿಸಿತು. ಹೀಗಿದ್ದರೂ 1998ರಲ್ಲಿ ಉದ್ಯಾನದ ಸುಮಾರು 30 ಎಕರೆ ಭೂಮಿಯನ್ನು ಸಂರಕ್ಷಿತ ವ್ಯಾಪ್ತಿಯಿಂದ ಕೈಬಿಡಲು ಸರ್ಕಾರ ಮುಂದಾಯಿತು. ಇದರ ವಿರುದ್ಧ ನಾಗರಿಕರು ಪ್ರತಿಭಟಿಸಿದರು ಮತ್ತು ವಿವಾದವು ನ್ಯಾಯಾಲಯದ ಮೆಟ್ಟಿಲೇರಿತು. ಉದ್ಯಾನದ ಗಡಿ ಯಾವುದು, ಅದರೊಳಗೆ ಏನನ್ನು ಕಟ್ಟಬಹುದು ಎಂಬ ಪ್ರಶ್ನೆಗಳು ಆಮೇಲೂ ಮತ್ತೆ ಮತ್ತೆ ಚರ್ಚೆಗೆ ಬಂದಿವೆ.

ಭೇಟಿ

ಉದ್ಯಾನಕ್ಕೆ ಪ್ರವೇಶ ಉಚಿತ. ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ 'ಕಬ್ಬನ್ ಪಾರ್ಕ್' ನಿಲ್ದಾಣವಿದ್ದು, 2016ರಲ್ಲಿ ಸಂಚಾರಕ್ಕೆ ತೆರೆಯಿತು. ಬೆಳಗಿನ ಹೊತ್ತು ನಡಿಗೆಗೆ ಬರುವವರ ಸಂಖ್ಯೆ ಹೆಚ್ಚು. ಭಾನುವಾರಗಳಂದು ಒಳರಸ್ತೆಗಳಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವುದರಿಂದ ಕುಟುಂಬಗಳು ಮತ್ತು ಓದುಗರ ಗುಂಪುಗಳು ಇಲ್ಲಿ ಸೇರುತ್ತವೆ. ಜವಾಹರ್ ಬಾಲಭವನದ 'ಪುಟಾಣಿ ಎಕ್ಸ್‌ಪ್ರೆಸ್' ರೈಲು ಮಕ್ಕಳಿಗೆ ಅಚ್ಚುಮೆಚ್ಚು.