ಸೂಜಿಯಂತೆ ಕೂರುವ ವಿದ್ಯೆ ಕೊಡಗಿಗೆ ಬಂದ ದಾರಿ

ಹುತ್ತರಿ ಹಬ್ಬದ ಕೋಲಾಟ ಕಾವೇರಿದ ಹೊತ್ತಿನಲ್ಲಿ ಮಂದ್‌ನ ನಡುವೆ ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಒಂದು ಕೈಯಲ್ಲಿ ಉದ್ದನೆಯ ಬೆತ್ತ, ಇನ್ನೊಂದರಲ್ಲಿ ಪುಟ್ಟ ಗುರಾಣಿ. ಕೊಡವರ ಪರೆಯ ಕಳಿ ಎಂದರೆ ಇದೇ. ಏಟು ಮೊಣಕಾಲಿನ ಕೆಳಗೆ ಮಾತ್ರ ಬೀಳಬೇಕು. ವಾಲಗದ ಲಯಕ್ಕೆ ಕುಪ್ಪಳಿಸುತ್ತಾ ಒಬ್ಬ ಬೆತ್ತ ಬೀಸಿದರೆ ಇನ್ನೊಬ್ಬ ಕಾಲೆತ್ತಿ ಹಾರಿ ತಪ್ಪಿಸಿಕೊಳ್ಳುತ್ತಾನೆ. ತಪ್ಪಿಸಿಕೊಳ್ಳಲಾಗದವನ ಮೀನಖಂಡದ ಮೇಲೆ ಬಾಸುಂಡೆ ಏಳುತ್ತದೆ. ಕೊನೆಗೆ ಇಬ್ಬರೂ ಅಪ್ಪಿಕೊಂಡು ಬೇರೆಯಾಗುತ್ತಾರೆ.

ಈ ಆಟದಲ್ಲಿ ಕಾಲುಗಳನ್ನು ಅಗಲಿಸಿ ನಿಂತವನಿಗೆ ಉಳಿಗಾಲವಿಲ್ಲ. ಭಾರ ಬಿದ್ದ ಕಾಲನ್ನು ಥಟ್ಟನೆ ಎತ್ತಲು ಬರುವುದಿಲ್ಲ. ಆಟಗಾರನಿಗೆ ಬೇಕಾದದ್ದು ಸ್ವಲ್ಪ ಬಗ್ಗಿದ ಮೊಣಕಾಲು, ಚುರುಕು ಪಾದ ಮತ್ತು ಗಟ್ಟಿ ಉಸಿರು. ಕೊಡಗಿನ ಸಾಹಸ ಕಲೆಗಳ ಮಾತು ಬಂದಾಗಲೆಲ್ಲ ನೆನಪಾಗುವ ಈ ಆಟ, ಇಂದು ಮಡಿಕೇರಿ, ವಿರಾಜಪೇಟೆಗಳ ಕರಾಟೆ ಮಕ್ಕಳು ಬೆವರಿಳಿಸಿ ಮಾಡುವ 'ಸ್ಪ್ಲಿಟ್' ಅನ್ನು ಎಂದೂ ಕೇಳಲಿಲ್ಲ. ಎರಡು ಕಾಲುಗಳನ್ನು ಒಂದೇ ಗೆರೆಯಲ್ಲಿ ಚಾಚಿ ನೆಲಕ್ಕೆ ಕೂರುವ ಈ ವಿದ್ಯೆ ಹಾಗಾದರೆ ಎಲ್ಲಿಂದ ಬಂತು?

ಹತ್ತಿರದ ಉತ್ತರ ಘಟ್ಟದ ಕೆಳಗಿದೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಇಳಿದರೆ ಇರಿಟ್ಟಿ, ಕೂತುಪರಂಬ, ಆಮೇಲೆ ತಲಶ್ಶೇರಿ. ಇದು ಕಳರಿಪಯಟ್ಟಿನ ಸೀಮೆ. ಕಳರಿ ಎಂಬುದು ನೆಲಮಟ್ಟಕ್ಕಿಂತ ತಗ್ಗಾಗಿ ಅಗೆದು ಮಾಡಿದ, 42 ಅಡಿ ಉದ್ದ 21 ಅಡಿ ಅಗಲದ ಮಣ್ಣಿನ ಅಂಕಣ. ಅಲ್ಲಿ ಕತ್ತಿ ಮುಟ್ಟುವ ಮೊದಲು ಮೈಯನ್ನು ಹದಗೊಳಿಸಬೇಕು. ಕಾಲನ್ನು ನೇರವಾಗಿ, ಪಕ್ಕಕ್ಕೆ, ಓರೆಯಾಗಿ, ಸುತ್ತುಬಳಸಿ ಎತ್ತುವ ಒದೆತಗಳ ಸರಣಿಯೇ ಅಲ್ಲಿದೆ. ಸ್ಪ್ಲಿಟ್ ಕೂಡ ಆ ಕಾಲಿನ ಪಾಠಗಳಲ್ಲಿ ಒಂದು. ಮಲಯಾಳಿಗಳು ಅದನ್ನು 'ಸೂಚಿಕ್ಕಿರುತ್ತಲ್' ಎನ್ನುತ್ತಾರೆ. ಸೂಚಿ ಎಂದರೆ ಸೂಜಿ. ಕುದುರೆ, ಹಂದಿ, ಸಿಂಹಗಳ ಹೆಸರಿನ ತಗ್ಗಾದ, ಅಗಲವಾದ ನಿಲುವುಗಳಿಂದ ಮೇಲಕ್ಕೆ ಹಾರಬೇಕಾದವನಿಗೆ ಸೊಂಟದ ಕೀಲು ಸಡಿಲವಾಗಿರಲೇಬೇಕು. ಪರೆಯ ಕಳಿಯವನಿಗೆ ಆ ಅಗತ್ಯ ಇರಲಿಲ್ಲ.

ನೆರೆಹೊರೆಯ ಎರಡು ನಾಡುಗಳು ಹೀಗೆ ಬೇರೆ ಹಾದಿ ಹಿಡಿದದ್ದಕ್ಕೆ ಇತಿಹಾಸದ ಒಂದು ಕಾರಣವೂ ಇದ್ದೀತು. ಪಳಶ್ಶಿ ರಾಜನ ಬಂಡಾಯದ ಕಾಲದಲ್ಲಿ, 1804ರಲ್ಲಿ, ಬ್ರಿಟಿಷರು ಮಲಬಾರಿನ ಜನರ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟರು. ಕೊಡಗಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 1834ರಲ್ಲಿ ರಾಜ್ಯ ಕಂಪನಿಯ ಕೈಸೇರಿದರೂ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಕೋವಿಯ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೋವಿ ಉಳಿದ ಕಡೆ ಗುರಿಯ ಅಭ್ಯಾಸ ಬೆಳೆಯಿತು, ಆಯುಧ ಕಳೆದುಕೊಂಡ ಕಡೆ ಮೈಯೇ ಆಯುಧವಾಗಿ ಉಳಿಯಿತು ಎಂದು ನನಗೆ ಅನ್ನಿಸುತ್ತದೆ. ಇದು ಊಹೆ, ಅಷ್ಟೆ. ಆದರೆ ತಲಶ್ಶೇರಿಯಲ್ಲಿ ಆ ಮೈಯ ವಿದ್ಯೆ ಎಷ್ಟು ಉಳಿದಿತ್ತೆಂದರೆ, ಕಳರಿ ಬಲ್ಲ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಅಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಕಳರಿಯನ್ನು ಮತ್ತೆ ಜನರ ಮುಂದೆ ತಂದ ಸಿ.ವಿ. ನಾರಾಯಣನ್ ನಾಯರ್ ಅವರದೂ ಅದೇ ಊರು.

ಕಳರಿಯವರು ಈ ಸೂಜಿಯಾಸನವನ್ನು ಸಾಧಿಸುತ್ತಿದ್ದ ರೀತಿ ಇನ್ನೂ ಸ್ವಾರಸ್ಯಕರ. ಮಳೆಗಾಲದ ಕರ್ಕಾಟಕ ಮಾಸದಲ್ಲಿ ಶಿಷ್ಯನ ಮೈಗೆ ಎಣ್ಣೆ ಬಳಿದು ಮಲಗಿಸುತ್ತಾರೆ. ಗುರು ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು, ತನ್ನ ಭಾರವನ್ನು ಅಳೆದು ಬಿಡುತ್ತಾ, ಪಾದದಿಂದಲೇ ಉಜ್ಜುತ್ತಾನೆ. ಇದು ದಿನಗಟ್ಟಲೆ ನಡೆಯುತ್ತದೆ, ಮರುವರ್ಷ ಮತ್ತೆ ನಡೆಯುತ್ತದೆ. ಕೊಡಗಿನ ಲೆಕ್ಕದಲ್ಲಿ ಅದೇ ಕಕ್ಕಡ ಮಾಸ. ಕಕ್ಕಡ ಹದಿನೆಂಟರಂದು ನಮ್ಮ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಮಳೆಗಾಲದಲ್ಲಿ ಮೈಗೆ ಮದ್ದು ಹಿಡಿಯುತ್ತದೆ ಎಂಬ ನಂಬಿಕೆ ಘಟ್ಟದ ಮೇಲೂ ಕೆಳಗೂ ಒಂದೇ.

ಕಾಲಿಗೆ ಕಾಲಾವಕಾಶ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೂರ್ವದ ನೆರೆಯಾದ ಮೈಸೂರಿನಲ್ಲಿ ಉದಾಹರಣೆ ಇದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಹದಿಹರೆಯದಲ್ಲಿ ಮೈಸೂರಿಗೆ ಬಂದು, ಅಕ್ಕನ ಗಂಡ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. 1930ರ ದಶಕದ ಮಧ್ಯದಲ್ಲಿ ಒಮ್ಮೆ ಗಣ್ಯರೊಬ್ಬರ ಮುಂದೆ ಹನುಮಾನಾಸನ ಮಾಡಿ ತೋರಿಸು ಎಂದು ಗುರುಗಳ ಅಪ್ಪಣೆಯಾಯಿತು. ಹನುಮಾನಾಸನ ಎಂದರೆ ಹಿಂದೆ ಮುಂದೆ ಕಾಲು ಚಾಚುವ ಸ್ಪ್ಲಿಟ್. ಹುಡುಗನಿಗೆ ಅದು ಬಾರದು. ಚಡ್ಡಿ ಬಿಗಿಯಾಗಿದೆ ಎಂದು ನೆವ ಹೇಳಿದ. ಗುರುಗಳು ಕತ್ತರಿ ತರಿಸಿ ಚಡ್ಡಿಯನ್ನೇ ಕತ್ತರಿಸಿಸಿದರು. ಆಸನವೇನೋ ಆಯಿತು, ತೊಡೆಯ ಹಿಂಭಾಗದ ಸ್ನಾಯು ಹರಿದುಹೋಯಿತು. ಬಹುಕಾಲ ಸರಿಯಾಗಿ ನಡೆಯಲಾಗಲಿಲ್ಲ ಎಂದು ಅಯ್ಯಂಗಾರರೇ ಮುಂದೆ ಹೇಳಿಕೊಂಡಿದ್ದಾರೆ.

ಕರಾಟೆಯ ಕತೆಗೆ ಬಂದರೆ, ಗಿಚಿನ್ ಫುನಾಕೋಶಿ ಅದನ್ನು ಓಕಿನಾವಾದಿಂದ ಟೋಕಿಯೋಗೆ ಒಯ್ದದ್ದು 1922ರಲ್ಲಿ. ಹಳೆಯ ಓಕಿನಾವಾ ಪದ್ಧತಿಯಲ್ಲಿ ಒದೆತ ಹೆಚ್ಚಾಗಿ ಸೊಂಟದ ಕೆಳಗೇ ಇತ್ತು. ತಲೆಗೆ ಒದೆಯುವ ಚಮತ್ಕಾರ ಅದು ಪಂದ್ಯವಾದ ಮೇಲೆ ಬೆಳೆಯಿತು. ಬ್ರೂಸ್ ಲೀಯ 1973ರ 'ಎಂಟರ್ ದಿ ಡ್ರ್ಯಾಗನ್' ಹುಡುಗರಿಗೆ ಒದೆತದ ಹುಚ್ಚು ಹಿಡಿಸಿದರೆ, 1988ರ 'ಬ್ಲಡ್‌ಸ್ಪೋರ್ಟ್'ನಲ್ಲಿ ವಾನ್ ಡಾಮ್ ಸ್ಪ್ಲಿಟ್ ಅನ್ನೇ ವೀರನ ಲಕ್ಷಣವಾಗಿಸಿದ. ನಾನು ಶಾಲೆಯಲ್ಲಿದ್ದಾಗ ಕರಾಟೆ ಕಲಿಸುತ್ತಿದ್ದವರೊಬ್ಬರು, ಜಡಿಮಳೆಯ ಒಂದು ಬೆಳಿಗ್ಗೆ, ಮೈ ಬೆಚ್ಚಗಾಗುವ ಮೊದಲೇ ನನ್ನ ಹೆಗಲ ಮೇಲೆ ಕೈಯೂರಿ ಕೆಳಕ್ಕೆ ಒತ್ತಿದ್ದರು. ತೊಡೆಸಂದಿನಲ್ಲಿ ಚಳಕ್ ಎಂದಿತು. ಒಂದು ತಿಂಗಳು ಕುಂಟಿದೆ.

ಹಾಗೆ ಒತ್ತುವುದು ಏಕೆ ತಪ್ಪು ಎಂಬುದನ್ನು ಶರೀರಶಾಸ್ತ್ರ ಸರಳವಾಗಿ ಹೇಳುತ್ತದೆ. ಸ್ನಾಯುವನ್ನು ಥಟ್ಟನೆ ಎಳೆದರೆ ಅದು ತನ್ನ ರಕ್ಷಣೆಗಾಗಿ ತಾನೇ ಬಿಗಿಯುತ್ತದೆ. ಬಿಗಿದ ಸ್ನಾಯುವನ್ನು ಇನ್ನಷ್ಟು ಎಳೆದಾಗ ಎಳೆಗಳು ಹರಿಯುತ್ತವೆ. ನಿಧಾನವಾಗಿ ಚಾಚಿ, ಅರ್ಧ ನಿಮಿಷ ಹಿಡಿದು, ಬಿಟ್ಟು, ದಿನವೂ ಮಾಡುತ್ತಾ ಹೋದರೆ ನರಮಂಡಲ ಆ ಎಳೆತಕ್ಕೆ ಒಗ್ಗುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ಪಕ್ಕಕ್ಕೆ ಚಾಚುವ ಸ್ಪ್ಲಿಟ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸೊಂಟದ ಕೀಲಿನ ಮೂಳೆಯ ಆಕಾರ ಒಬ್ಬೊಬ್ಬರದು ಒಂದೊಂದು ಬಗೆ. ಮೂಳೆಗೆ ಮೂಳೆ ತಾಗಿದ ಮೇಲೆ ಯಾವ ಎಣ್ಣೆಯೂ ಯಾವ ಗುರುವೂ ಮುಂದಕ್ಕೆ ಒಯ್ಯಲಾರರು. ಅಂಥ ಮಗುವನ್ನು ಸೋಮಾರಿ ಎಂದು ಗದರುವುದು ಅನ್ಯಾಯ.

ಮಡಿಕೇರಿಯ ಚಳಿಯಲ್ಲಿ ಮಕ್ಕಳನ್ನು ಕರಾಟೆಗೆ ಕಳಿಸುವ ತಂದೆತಾಯಂದಿರು ಒಂದು ದಿನ ತರಗತಿಯ ಮೂಲೆಯಲ್ಲಿ ನಿಂತು ನೋಡಬಹುದು. ಕಾಲು ಚಾಚಿಸುವ ಮೊದಲು ಹತ್ತು ನಿಮಿಷವಾದರೂ ಓಡಿಸಿ ಬೆವರಿಳಿಸುತ್ತಾರೆಯೇ, ಕೂತ ಮಗುವಿನ ಹೆಗಲ ಮೇಲೆ ಯಾರಾದರೂ ಕೈ ಇಡುತ್ತಾರೆಯೇ ಎಂದು ಗಮನಿಸಿದರೆ ಸಾಕು.