ಹಳೆಯ ಗುರಿ ರೈಫಲ್: ಎಪಾಕ್ಸಿ ಅಂಟು ಬಿಡಿಸುವುದು ಹೇಗೆ?

ಗುರಿ ಸ್ಪರ್ಧೆಗಳಿಗೆಂದೇ ತಯಾರಾದ ಹಳೆಯ ರೈಫಲ್‌ಗಳನ್ನು ಮತ್ತೆ ಬಳಕೆಗೆ ತರುವವರನ್ನು ತುಕ್ಕಿಗಿಂತಲೂ ಹೆಚ್ಚಾಗಿ ಕಾಡುವುದು ಎಪಾಕ್ಸಿ ಅಂಟು. ಹಿಂದಿನ ಮಾಲೀಕರು ಅಂಟಿಸಿದ ಭಾಗ ಸ್ಕ್ರೂ ಬಿಚ್ಚಿದರೂ ಕದಲುವುದಿಲ್ಲ. ಉಳಿ ತೂರಿಸಿ ಮೀಟಿದರೆ ದಶಕಗಳ ಹಿಂದಿನ ವಾಲ್ನಟ್ ಮರ ಸೀಳುತ್ತದೆ. ಬೆಂಕಿ ಹಿಡಿದರೆ ಉಕ್ಕಿನ ಹದ ಕೆಡುತ್ತದೆ. ಈ ಎರಡು ಹಾನಿಗಳನ್ನೂ ಪೂರ್ತಿಯಾಗಿ ಸರಿಪಡಿಸುವುದು ಅಸಾಧ್ಯ. ಆದ್ದರಿಂದ ಇಲ್ಲಿ ಕೆಲಸಕ್ಕೆ ಬರುವುದು ತೋಳ್ಬಲವಲ್ಲ, ತಾಪಮಾನದ ಲೆಕ್ಕ.

ಅಂಟಿಸಿದ್ದೇಕೆ?

ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯು 1946ರಲ್ಲಿ ‘ಅರಾಲ್ಡೈಟ್’ ಹೆಸರಿನಲ್ಲಿ ಎಪಾಕ್ಸಿ ಅಂಟನ್ನು ಮಾರುಕಟ್ಟೆಗೆ ತಂದಿತು. ಮುಂದಿನ ದಶಕಗಳಲ್ಲಿ ಬಂದೂಕು ದುರಸ್ತಿಗಾರರೂ ಅದನ್ನು ಬಳಸತೊಡಗಿದರು. ತೇವಾಂಶಕ್ಕೆ ತಕ್ಕಂತೆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಆಗ ಸ್ಟಾಕ್‌ನೊಳಗೆ ಕುಳಿತ ರಿಸೀವರ್ ತುಸುವೇ ಸರಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಇದನ್ನು ತಡೆಯಲು ರಿಸೀವರ್ ಕೂರುವ ಜಾಗಕ್ಕೆ ಎಪಾಕ್ಸಿಯ ಪದರ ಹಾಕುವ ‘ಬೆಡ್ಡಿಂಗ್’ ಪದ್ಧತಿ ಬೆಳೆಯಿತು. ಲೋಹಕ್ಕೆ ಮೊದಲು ಮೇಣ ಸವರಿದ್ದರೆ ಅದು ಅಂಟಿಕೊಳ್ಳುವುದಿಲ್ಲ. ಸವರುವಾಗ ಒಂದು ಮೂಲೆ ತಪ್ಪಿದರೂ ಭಾಗಗಳು ಕಚ್ಚಿಕೊಳ್ಳುತ್ತವೆ.

ಬೆಂಚ್‌ರೆಸ್ಟ್ ಸ್ಪರ್ಧೆಯ ರೈಫಲ್‌ಗಳಲ್ಲಿ ರಿಸೀವರನ್ನು ಬೇಕೆಂದೇ ಸ್ಟಾಕ್‌ಗೆ ಅಂಟಿಸುವ ರೂಢಿಯೂ ಇದೆ. ಸ್ಕ್ರೂ ಮರೆ ಸವೆದ ದೃಷ್ಟಿಸಾಧನಗಳ ಬುಡವನ್ನು ಅಂಟಿನಿಂದ ನಿಲ್ಲಿಸಿದ ಉದಾಹರಣೆಗಳು ಮೂರನೆಯ ಬಗೆ.

ತಾಪದ ಮೆಟ್ಟಿಲುಗಳು

ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 60ರಿಂದ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆದುವಾಗತೊಡಗುತ್ತದೆ. 100ರಿಂದ 120 ಡಿಗ್ರಿಯಲ್ಲಿ ಅದರ ಹಿಡಿತ ಬಹುಪಾಲು ಸಡಿಲಗೊಳ್ಳುತ್ತದೆ. ಶಾಖದಲ್ಲೇ ಗಟ್ಟಿಗೊಳಿಸಿದ ಎಪಾಕ್ಸಿಗೆ ಇನ್ನೂ ಹೆಚ್ಚು ತಾಪ ಬೇಕು.

ಮುಂದಿನ ಮೆಟ್ಟಿಲಿನಲ್ಲಿ ಅಪಾಯವಿದೆ. ತವರ ಮತ್ತು ಸೀಸ ಬೆರೆತ ಮೆದು ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತದೆ. ಹಳೆಯ ರೈಫಲ್‌ಗಳಲ್ಲಿ ಮುಂದಿನ ದೃಷ್ಟಿಯ ಬುಡವನ್ನು ಇಂಥ ಬೆಸುಗೆಯಿಂದ ಕೂರಿಸಿರುವುದು ಸಾಮಾನ್ಯ. ಉಜ್ಜಿ ಶುಭ್ರಗೊಳಿಸಿದ ಉಕ್ಕು ಸುಮಾರು 220 ಡಿಗ್ರಿಯಲ್ಲಿ ಹುಲ್ಲಿನ ಹಳದಿಗೂ 300 ಡಿಗ್ರಿ ಸಮೀಪದಲ್ಲಿ ನೀಲಿಗೂ ತಿರುಗುತ್ತದೆ. ಆ ಬಣ್ಣ ಮೂಡಿತೆಂದರೆ ಸ್ಪ್ರಿಂಗ್‌ನಂಥ ಹದಗೊಳಿಸಿದ ಭಾಗಗಳ ಗುಣವೇ ಬದಲಾಗಿರಬಹುದು. ಮರದ ಮೇಲಿನ ಅರಗಿನ ಪಾಲಿಶ್ ಮಾತ್ರ 75 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ. ಹೀಗಾಗಿ ಕಾಯಿಸಬೇಕಾದದ್ದು ಲೋಹವನ್ನು, ಮರವನ್ನಲ್ಲ. ಅದೂ 120 ಡಿಗ್ರಿ ಮೀರದಂತೆ.

ಕೆಲಸದ ಕ್ರಮ

ಮೊದಲು ರೈಫಲ್ ಖಾಲಿ ಇದೆಯೆಂಬುದನ್ನು ಕಣ್ಣು, ಬೆರಳು ಎರಡರಿಂದಲೂ ಖಚಿತಪಡಿಸಿಕೊಳ್ಳಬೇಕು. ಬೋಲ್ಟ್, ಟ್ರಿಗರ್, ದೂರದರ್ಶಕ, ಎಲ್ಲ ಸ್ಕ್ರೂಗಳನ್ನೂ ತೆಗೆಯಬೇಕು. ಸ್ಕ್ರೂ ರಂಧ್ರಗಳಲ್ಲಿ ಅಥವಾ ರಿಸೀವರ್‌ನ ಪಕ್ಕದ ಕುಳಿಗಳಲ್ಲಿ ಅಂಟು ಹರಿದು ಗಟ್ಟಿಯಾಗಿದೆಯೇ ನೋಡಬೇಕು. ಇದ್ದರೆ ಅದು ಅಂಟಲ್ಲ, ಬೀಗ. ಅದನ್ನು ಕೊರೆದು ತೆಗೆಯುವವರೆಗೆ ಬೇರಾವ ಉಪಾಯವೂ ಫಲಿಸದು.

ಎರಡನೆಯದು ತಂಪು. ರೈಫಲನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಡುವುದು ಮರಕ್ಕೂ ಪಾಲಿಶ್‌ಗೂ ಕಡಿಮೆ ಅಪಾಯದ ದಾರಿ. 30 ಡಿಗ್ರಿಯಿಂದ ಆ ತಾಪಕ್ಕೆ ಇಳಿದಾಗ 200 ಮಿ.ಮೀ. ಉದ್ದದ ಉಕ್ಕಿನ ರಿಸೀವರ್ ಸುಮಾರು 0.11 ಮಿ.ಮೀ. ಕುಗ್ಗುತ್ತದೆ, ಮರ ಎಳೆಯ ಉದ್ದಕ್ಕೆ ಅಷ್ಟು ಕುಗ್ಗುವುದಿಲ್ಲ. ಈ ಎಳೆದಾಟದಲ್ಲಿ, ತಣ್ಣಗಾಗಿ ಬಿರುಸಾದ ಎಪಾಕ್ಸಿಯ ಅಂಚು ಬಿಡುತ್ತದೆ. ಹೊರತೆಗೆದ ಕೂಡಲೇ ರೈಫಲನ್ನು ತಲೆಕೆಳಗಾಗಿ ಹಿಡಿದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ರಬ್ಬರ್ ಸುತ್ತಿಗೆಯಿಂದ ಸ್ಟಾಕ್‌ಗೆ ಮೆಲ್ಲನೆ ತಟ್ಟಬೇಕು. ರಿಸೀವರ್ ನೇರವಾಗಿ ಹೊರಬರಬೇಕೇ ಹೊರತು ಓರೆಯಾಗಿ ಅಲ್ಲ. ಓರೆಯಾದರೆ ಹಿನ್ನೊದೆತ ತಡೆಯುವ ಲಗ್‌ನ ಮುಂದಿನ ಮರ ಚಕ್ಕೆಯೇಳುತ್ತದೆ. ಲೋಹದ ಮೇಲೆ ಕೂಡುವ ಇಬ್ಬನಿಯನ್ನು ತಕ್ಷಣ ಒರೆಸಿ ಎಣ್ಣೆ ಹಚ್ಚದಿದ್ದರೆ ತುಕ್ಕು ಖಚಿತ.

ತಂಪಿಗೆ ಬಗ್ಗದಿದ್ದರೆ ಬಿಸಿ. ಮರದ ಅಂಚುಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ ರಟ್ಟು ಅಡ್ಡಹಿಡಿದು, ಬಿಸಿಗಾಳಿಯ ಗನ್‌ನಿಂದ ರಿಸೀವರನ್ನು ನಿಧಾನವಾಗಿ ಕಾಯಿಸಬೇಕು. ದೃಷ್ಟಿಸಾಧನದ ಚಿಕ್ಕ ಬುಡಕ್ಕೆ ಸಾಲ್ಡರಿಂಗ್ ಐರನ್‌ನ ತುದಿಯನ್ನು ತಗುಲಿಸಿದರೆ ಸಾಕು. ತಾಪ ಅಳೆಯುವ ತಂತಿಯನ್ನು ಲೋಹಕ್ಕೆ ತಾಗಿಸಿಟ್ಟು ಅಂಕಿ ನೋಡುತ್ತಲೇ ಕೆಲಸ ಮಾಡಬೇಕು. ಗ್ಯಾಸ್ ಜ್ವಾಲೆ ಸಲ್ಲದು. ಸುಟ್ಟ ಎಪಾಕ್ಸಿಯ ಹೊಗೆ ವಿಷಕಾರಿಯಾದ್ದರಿಂದ ಗಾಳಿಯಾಡುವ ಜಾಗ ಅಗತ್ಯ.

ರಾಸಾಯನಿಕ ಕೊನೆಯ ಆಯ್ಕೆ. ಗಟ್ಟಿಯಾದ ಎಪಾಕ್ಸಿಯನ್ನು ಅಸಿಟೋನ್ ಕರಗಿಸುವುದಿಲ್ಲ, ಮರದ ಪಾಲಿಶನ್ನು ಮಾತ್ರ ಹಾಳುಮಾಡುತ್ತದೆ. ಅದನ್ನು ಉಬ್ಬಿಸಿ ಸಡಿಲಿಸಬಲ್ಲ ಡೈಕ್ಲೋರೋಮೀಥೇನ್‌ನ ಆವಿ ಪ್ರಾಣಾಂತಿಕ. ಅಮೆರಿಕದಲ್ಲಿ 2019ರಲ್ಲಿ ಗ್ರಾಹಕರಿಗೆ ಮಾರುವ ಬಣ್ಣ ತೆಗೆಯುವ ದ್ರಾವಣಗಳಲ್ಲಿ ಅದನ್ನು ನಿಷೇಧಿಸಲಾಯಿತು.

ಬಿಡಿಸಲೇಬೇಕೆ?

ಈ ಪ್ರಶ್ನೆಯನ್ನು ಕೆಲಸಕ್ಕೆ ಮುನ್ನವೇ ಕೇಳಿಕೊಳ್ಳಬೇಕು. ರೈಫಲ್ ನಿಖರವಾಗಿ ಹೊಡೆಯುತ್ತಿದ್ದು, ಒಳಗೆ ತುಕ್ಕಿನ ಸುಳಿವಿಲ್ಲದಿದ್ದರೆ ಗಟ್ಟಿಯಾಗಿ ಕೂತ ಬೆಡ್ಡಿಂಗನ್ನು ಮುಟ್ಟದಿರುವುದೇ ವಿವೇಕ. ತುಕ್ಕು, ಬಿರುಕು ಇಲ್ಲವೇ ಟ್ರಿಗರ್ ದೋಷ ಇದ್ದಾಗ ಮಾತ್ರ ಬಿಡಿಸುವುದು ಅನಿವಾರ್ಯ.

ಭಾರತದಲ್ಲಿ ಇನ್ನೊಂದು ವಿಷಯವನ್ನೂ ನೆನಪಿಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಬಂದೂಕುಗಳ ತಯಾರಿಕೆ, ಮಾರಾಟಗಳ ಜತೆಗೆ ದುರಸ್ತಿಯನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿದೆ. ಆದ್ದರಿಂದ ರೈಫಲ್ ಇಟ್ಟುಕೊಳ್ಳಲು ಪರವಾನಗಿ ಇದ್ದವರೂ ಈ ಕೆಲಸವನ್ನು ಪರವಾನಗಿ ಪಡೆದ ದುರಸ್ತಿಗಾರರಿಗೆ ಒಪ್ಪಿಸುವುದು ಕ್ಷೇಮ. ಯಾವ ಕ್ರಮದಲ್ಲಿ, ಎಷ್ಟು ತಾಪದಲ್ಲಿ ಬಿಡಿಸುತ್ತೀರಿ ಎಂದು ಅವರನ್ನು ಮೊದಲೇ ಕೇಳಿ ತಿಳಿಯುವುದು ಮಾಲೀಕರ ಹಕ್ಕು. ಬಿಡಿಸಿದ ಬಳಿಕ ಹಳೆಯ ಅಂಟನ್ನು ಕೆರೆದು, ಲೋಹಕ್ಕೆ ಮೇಣ ಸವರಿ ಹೊಸ ಬೆಡ್ಡಿಂಗ್ ಹಾಕಿಸಿದರೆ ಮುಂದೆ ದುರಸ್ತಿಗೆ ಬಿಚ್ಚುವಾಗ ಈ ತೊಡಕು ಎದುರಾಗದು.