ಸ್ಟ್ಯಾಕ್‌ನಿಂದ ರಿಜಿಸ್ಟರ್‌ಗಳನ್ನು ಮರುಸ್ಥಾಪಿಸುವ ಸಂಕುಚಿತ ಸೂಚನೆಗಳು: ಅರ್ಜಿದಾರರ ಮಾಹಿತಿಗಾಗಿ

1. ಉದ್ದೇಶ
ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯ ಚಿಪ್‌ಇನ್ ಕೇಂದ್ರವು ಶಿಕ್ಷಣ ಸಂಸ್ಥೆಗಳಿಗೂ ನವೋದ್ಯಮಗಳಿಗೂ ಚಿಪ್ ವಿನ್ಯಾಸದ ಸಾಧನಗಳನ್ನು ಒದಗಿಸುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಿಂದ ರಿಸ್ಕ್-ವಿ ಪ್ರೊಸೆಸರ್ ಆಧಾರಿತ ಪ್ರಸ್ತಾವನೆ ಸಿದ್ಧಪಡಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಮರುಸ್ಥಾಪನೆ ಎಂದರೇನು?
ಒಂದು ಉಪಕ್ರಮವಿಧಿಯು ಕೆಲಸ ಆರಂಭಿಸುವಾಗ, ತಾನು ಬಳಸಲಿರುವ ರಿಜಿಸ್ಟರ್‌ಗಳ ಹಳೆಯ ಮೌಲ್ಯಗಳನ್ನೂ ಹಿಂದಿರುಗುವ ವಿಳಾಸವನ್ನೂ ಸ್ಟ್ಯಾಕ್ ಎಂಬ ಸ್ಮೃತಿಭಾಗದಲ್ಲಿ ಇರಿಸುತ್ತದೆ. ಕೆಲಸ ಮುಗಿದ ನಂತರ ಅವುಗಳನ್ನು ಯಥಾಸ್ಥಾನಕ್ಕೆ ತರತಕ್ಕದ್ದು. ಲೆಕ್ಕಪುಸ್ತಕದಲ್ಲಿ ಹಿಂದಿನ ಪುಟದ ಶಿಲ್ಕು ಮುಂದಿನ ಪುಟಕ್ಕೆ ವ್ಯತ್ಯಾಸವಿಲ್ಲದೆ ಬರಬೇಕಾದಂತೆಯೇ ಇದು.

3. ಸಂಕುಚಿತ ಸೂಚನೆಗಳು
ರಿಸ್ಕ್-ವಿ ವಿನ್ಯಾಸವು 2010ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಆರಂಭವಾಯಿತು. ಇದರ ಮೂಲ ಸೂಚನೆಯ ಅಳತೆ 32 ಬಿಟ್. "ಸಿ" ವಿಸ್ತರಣೆಯಲ್ಲಿ ಅದು 16 ಬಿಟ್. ಸಿ.ಎಲ್‌ಡಬ್ಲ್ಯುಎಸ್‌ಪಿ ಸೂಚನೆಯು ಸ್ಟ್ಯಾಕ್ ಪಾಯಿಂಟರ್‌ನಿಂದ 252 ಬೈಟ್‌ವರೆಗಿನ ಅಂತರದಲ್ಲಿರುವ ಒಂದು ಪದವನ್ನು ರಿಜಿಸ್ಟರ್‌ಗೆ ತರುತ್ತದೆ. 2023ರಲ್ಲಿ ಅಂಗೀಕೃತವಾದ ಝಡ್‌ಸಿಎಂಪಿ ವಿಸ್ತರಣೆಯ ಸಿಎಂ.ಪಾಪ್‌ರೆಟ್ ಸೂಚನೆಯು ಹಲವು ರಿಜಿಸ್ಟರ್‌ಗಳನ್ನು ಮರುಸ್ಥಾಪಿಸಿ, ಸ್ಟ್ಯಾಕ್ ಪಾಯಿಂಟರನ್ನು ಸರಿಪಡಿಸಿ, ಕರೆದ ಸ್ಥಳಕ್ಕೆ ಹಿಂದಿರುಗುತ್ತದೆ.

4. ಉಳಿತಾಯದ ವಿವರ
32 ಬಿಟ್ ಪ್ರೊಸೆಸರ್‌ನಲ್ಲಿ ಹಿಂದಿರುಗುವ ವಿಳಾಸ ಹಾಗೂ ಇತರ 3 ರಿಜಿಸ್ಟರ್‌ಗಳನ್ನು ಮರುಸ್ಥಾಪಿಸಿ ಹಿಂದಿರುಗಲು ತಗಲುವ ಸೂಚನಾಸ್ಥಳ:
• ಮೂಲ ಸೂಚನೆಗಳು (6): 24 ಬೈಟ್
• "ಸಿ" ವಿಸ್ತರಣೆ (6): 12 ಬೈಟ್
• ಸಿಎಂ.ಪಾಪ್‌ರೆಟ್ (1): 2 ಬೈಟ್
ಎಲೆಕ್ಟ್ರಾನಿಕ್ ತಕ್ಕಡಿ, ವಿದ್ಯುತ್ ಮೀಟರ್ ಮುಂತಾದ ಅಲ್ಪಸ್ಮೃತಿಯ ಸಾಧನಗಳಲ್ಲಿ ಈ ಉಳಿತಾಯವು ಚಿಪ್‌ನ ವೆಚ್ಚವನ್ನು ತಗ್ಗಿಸಲು ನೆರವಾಗುತ್ತದೆ.

5. ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕ ಅಂಶಗಳು
(ಅ) "ಸಿ" ವಿಸ್ತರಣೆ ಇದ್ದ ಮಾತ್ರಕ್ಕೆ ಝಡ್‌ಸಿಎಂಪಿ ಇದೆ ಎಂದು ಭಾವಿಸತಕ್ಕದ್ದಲ್ಲ. ಇವೆರಡನ್ನೂ ಪ್ರಸ್ತಾವನೆಯಲ್ಲಿ ಪ್ರತ್ಯೇಕವಾಗಿ ನಮೂದಿಸುವುದು ಸೂಕ್ತ.
(ಆ) ಝಡ್‌ಸಿಎಂಪಿಯ ಸಂಕೇತಗಳು ದ್ವಿಗುಣ ನಿಖರತೆಯ ದಶಮಾಂಶ ಸಂಖ್ಯೆಯನ್ನು ಸ್ಟ್ಯಾಕ್‌ನಲ್ಲಿ ಬರೆಯುವ ಸಂಕುಚಿತ ಸೂಚನೆಯ ಸಂಕೇತಗಳನ್ನೇ ಬಳಸುತ್ತವೆ. ಆದುದರಿಂದ ಎರಡೂ ಒಂದೇ ಪ್ರೊಸೆಸರ್‌ನಲ್ಲಿ ಇರಲಾರವು.
(ಇ) ಕಂಪೈಲರ್‌ಗೆ ತಪ್ಪು ವಿವರ ನೀಡಿದಲ್ಲಿ, ಮರುಸ್ಥಾಪಿಸಬೇಕಾದ ಸೂಚನೆಯೇ ಸ್ಟ್ಯಾಕ್‌ನ ಮೇಲೆ ಬೇರೆ ಮೌಲ್ಯವನ್ನು ಬರೆಯುವ ಸಂಭವವಿದೆ. ಆಗ ದೋಷಸಂದೇಶ ಬಾರದೆಯೇ ಲೆಕ್ಕ ತಪ್ಪಬಹುದು. ತಕ್ಕಡಿಯಲ್ಲಿ ಹೀಗಾದರೆ ನಷ್ಟವು ರೈತರದ್ದಾಗುತ್ತದೆ.

ಆದ್ದರಿಂದ ತಂತ್ರಾಂಶಕ್ಕೆ ನೀಡಿದ ವಿಸ್ತರಣೆಗಳ ಪಟ್ಟಿಯನ್ನು ಪ್ರೊಸೆಸರ್‌ನ ಪಟ್ಟಿಯೊಂದಿಗೆ ತಾಳೆ ನೋಡಿದ ನಂತರವೇ ಪ್ರಸ್ತಾವನೆಯನ್ನು ಸಲ್ಲಿಸಲು ಕೋರಲಾಗಿದೆ.